ಒಂದೇ ಅಚ್ಚು, ಎರಡು ಹಬ್ಬ: ದಸರೆಯಿಂದ ಸಂಕ್ರಾಂತಿವರೆಗೆ ಮನೆಯಲ್ಲಿ ಏನೇನು ಮಾಡಬಹುದು?

ಪ್ರಶ್ನೆ: ನನ್ನ ತವರು ಹುಬ್ಬಳ್ಳಿ, ಗಂಡನ ಮನೆ ಮೈಸೂರು. ನಾವಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ. ಮಗಳಿಗೆ 11 ವರ್ಷ, ಮಗನಿಗೆ 5. ದಸರಾ ಗೊಂಬೆಯಿಂದ ಹಿಡಿದು ಸಂಕ್ರಾಂತಿ ಎಳ್ಳುಬೆಲ್ಲದವರೆಗೆ ಈಗ ಎಲ್ಲವೂ ಅಂಗಡಿಯಿಂದಲೇ ಬರುತ್ತಿದೆ. ಮಕ್ಕಳಿಗೆ ಹಬ್ಬ ಅಂದರೆ ಹೊಸ ಬಟ್ಟೆ, ಫೋಟೊ ಅಷ್ಟೇ ಆಗಿಬಿಟ್ಟಿದೆ. ಹೋದ ವರ್ಷ ಅತ್ತೆಯವರ ಹಳೇ ಮರದ ಅಚ್ಚುಗಳನ್ನು ತಂದು ಸಕ್ಕರೆ ಅಚ್ಚು ಹಾಕಿ ನೋಡಿದೆ. ಅರ್ಧ ಮರಕ್ಕೇ ಅಂಟಿಕೊಂಡಿತು, ಉಳಿದದ್ದು ಹಳದಿ ಆಯಿತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಯಾವುದನ್ನು ಮನೆಯಲ್ಲಿ ಮಾಡುವುದು, ಯಾವುದನ್ನು ಬಿಡುವುದು? ಎರಡು ಕಡೆಯ ಪದ್ಧತಿ ಬೆರೆಸಿದರೆ ತಪ್ಪಾ?

ಉತ್ತರ: ನಿಮ್ಮ ಸಕ್ಕರೆ ಅಚ್ಚಿನಿಂದಲೇ ಶುರು ಮಾಡುತ್ತೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗೂ ಅಲ್ಲೇ ಉತ್ತರ ಇದೆ.

ಮೈಸೂರು ಕಡೆಯವರಿಗೆ ಸಕ್ಕರೆ ಅಚ್ಚು ಅಂದರೆ ಸಂಕ್ರಾಂತಿ. ಆದರೆ ನಿಮ್ಮ ತವರಿನ ಕಡೆ ಇಂಥದೇ ಮರದ ಅಚ್ಚುಗಳು ಎರಡು ತಿಂಗಳು ಮೊದಲೇ ಅಟ್ಟದಿಂದ ಇಳಿಯುತ್ತವೆ. ದೀಪಾವಳಿ ಮುಗಿದು ಹದಿನೈದು ದಿನಕ್ಕೆ ಬರುವ ಗೌರಿ ಹುಣ್ಣಿಮೆಗೆ, ಅಂದರೆ ಕಾರ್ತಿಕ ಹುಣ್ಣಿಮೆಗೆ. ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿ ಜೋಡಿಸಿ, ನಡುವೆ ದೀಪ ಇಟ್ಟು, ಹೆಣ್ಣುಮಕ್ಕಳು ಗೌರಿಗೆ ಸಕ್ಕರೆ ಆರತಿ ಬೆಳಗುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಯ ಮನೆಗೆ ಗಂಡಿನ ಕಡೆಯವರು ಸೀರೆ ಜೊತೆ ಸಕ್ಕರೆ ಆರತಿ ತೆಗೆದುಕೊಂಡು ಹೋಗುವುದು ಅಲ್ಲಿನ ವಾಡಿಕೆ. ನಿಮ್ಮ ತಾಯಿಯವರನ್ನು ಕೇಳಿ ನೋಡಿ, ಅವರ ಬಾಲ್ಯದ ಆರತಿ ತಟ್ಟೆಯಲ್ಲಿ ಏನೇನಿತ್ತು ಅಂತ ಒಂದೊಂದೇ ಹೇಳುತ್ತಾರೆ.

ಹಾಗಾಗಿ ನನ್ನ ಮೊದಲ ಸಲಹೆ ಇದು. ಈ ಸಲ ಸಕ್ಕರೆ ಅಚ್ಚನ್ನು ಎರಡು ಬಾರಿ ಹಾಕಿ. ಗೌರಿ ಹುಣ್ಣಿಮೆಗೆ ಸ್ವಲ್ಪವೇ, ಆರತಿ ತಟ್ಟೆಗೆ ಸಾಕಾಗುವಷ್ಟು. ಅದರಲ್ಲಿ ಕೈ ಕೂತ ಮೇಲೆ ಸಂಕ್ರಾಂತಿಗೆ ಹಂಚಲು ಬೇಕಾದಷ್ಟು. ಅತ್ತೆಯವರ ಅಚ್ಚಿನಲ್ಲಿ ಅಮ್ಮನ ಹಬ್ಬವೂ ಆಗುತ್ತದೆ, ನಿಮಗೆ ಅಭ್ಯಾಸವೂ ಆಗುತ್ತದೆ. ಬೆರೆಸಿದರೆ ತಪ್ಪಾ ಅಂತ ಕೇಳಿದಿರಲ್ಲ, ಖಂಡಿತ ತಪ್ಪಲ್ಲ. ಮಕ್ಕಳು ಎರಡೂ ಮನೆಯವರು. ಅವರಿಗೆ ಎರಡೂ ಸಿಗಬೇಕು.

ಈಗ ಹೋದ ವರ್ಷ ಏನಾಗಿರಬಹುದು ಅಂತ ನೋಡೋಣ. ಅಚ್ಚಿಗೆ ಅಂಟಿಕೊಳ್ಳಲು ಎರಡು ಕಾರಣ. ಒಂದು, ಮರ ಒಣಗಿತ್ತು. ಒಣ ಮರ ಪಾಕವನ್ನು ಹೀರಿಕೊಳ್ಳುತ್ತದೆ, ಆಮೇಲೆ ಬಿಡುವುದಿಲ್ಲ. ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿಸಿಡಬೇಕು. ತೇಲಿ ಬರುತ್ತವೆ, ಮೇಲೊಂದು ತಟ್ಟೆ ಮುಚ್ಚಿ ಭಾರ ಇಡಿ. ಹೊಯ್ಯುವ ಸ್ವಲ್ಪ ಮುಂಚೆ ತೆಗೆದು, ನೀರು ಕೊಡವಿ, ಒಳಗೆ ಬಟ್ಟೆಯಿಂದ ಒರೆಸಿ. ಮರ ತೇವವಾಗಿರಬೇಕು, ಆದರೆ ಗೆರೆಗಳಲ್ಲಿ ನೀರು ನಿಂತಿರಬಾರದು. ಎರಡನೆಯ ಕಾರಣ, ಪಾಕ ಇನ್ನೂ ಪಾರದರ್ಶಕವಾಗಿದ್ದಾಗಲೇ ಹೊಯ್ದಿದ್ದೀರಿ ಅನ್ನಿಸುತ್ತದೆ. ಅದು ಅಚ್ಚಿನೊಳಗೆ ಅಂಟಂಟಾಗಿಯೇ ಉಳಿಯುತ್ತದೆ.

ಹಳದಿ ಆಗಿದ್ದು ಬೇರೆ ತಪ್ಪು. ಕೊಳೆ ಸರಿಯಾಗಿ ತೆಗೆಯದಿದ್ದರೆ, ಇಲ್ಲವೇ ಪೂರ್ತಿ ಪಾಕವನ್ನು ಒಂದೇ ಪಾತ್ರೆಯಲ್ಲಿ ಒಲೆ ಮೇಲೆ ಕುದಿಸುತ್ತಲೇ ಇದ್ದರೆ ಹಾಗಾಗುತ್ತದೆ. ಮೊದಲ ಅಚ್ಚು ಬೆಳ್ಳಗೆ ಬಂದು ಹತ್ತನೆಯದು ಹಳದಿಯಾದರೆ ಹಾಗೆ ಕುದಿಸುತ್ತಲೇ ಇದ್ದದ್ದೇ ಕಾರಣ ಅಂತ ತಿಳಿಯಿರಿ.

ಕ್ರಮ ಹೀಗೆ. ಒಂದು ಕೆ.ಜಿ. ಸಕ್ಕರೆಗೆ ಸುಮಾರು ಅರ್ಧ ಲೀಟರ್ ನೀರು. ಸಕ್ಕರೆ ಪೂರ್ತಿ ಕರಗಿ ಕುದಿ ಬಂದಾಗ ಕಾಲು ಲೋಟ ಹಾಲು ಹಾಕಿ. ಹಾಲು ಒಡೆದು, ಕೊಳೆಯನ್ನೆಲ್ಲ ಹಿಡಿದುಕೊಂಡು ಬೂದು ಬಣ್ಣದ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಪಾಕವನ್ನು ತೆಳು ಬಿಳಿ ಬಟ್ಟೆಯಲ್ಲಿ ಸೋಸಿ. ಕೊಳೆ ಜಾಸ್ತಿ ಇದ್ದರೆ ಇನ್ನೊಮ್ಮೆ ಕುದಿಸಿ, ಇನ್ನಷ್ಟು ಹಾಲು ಹಾಕಿ ಮತ್ತೆ ಸೋಸಿ. ಪಾಕ ನೀರಿನಷ್ಟು ತಿಳಿಯಾಗಬೇಕು. ಇಷ್ಟನ್ನು ಹಿಂದಿನ ಸಂಜೆಯೇ ಮಾಡಿಟ್ಟುಕೊಳ್ಳಬಹುದು. ಕೆಲಸಕ್ಕೆ ಹೋಗುವವರಿಗೆ ಅದೇ ಅನುಕೂಲ. ಕೆಲವರು ನಿಂಬೆರಸ ಹಿಂಡುತ್ತಾರೆ. ನಾನು ಬೇಡ ಅನ್ನುತ್ತೇನೆ. ಹುಳಿ ಬಿದ್ದ ಪಾಕ ಹರಳುಗಟ್ಟಲು ಹಿಂಜರಿಯುತ್ತದೆ, ನಮಗೆ ಬೇಕಾಗಿರುವುದೇ ಹರಳು.

ಮಾರನೆಯ ದಿನ ದಪ್ಪ ತಳದ ಪುಟ್ಟ ಪಾತ್ರೆ ಒಂದನ್ನು ಒಲೆಗಿಡಿ. ಅದಕ್ಕೆ ಅರ್ಧ ಲೋಟ ಪಾಕ ಮಾತ್ರ ಹಾಕಿ. ಎರಡು ಮೂರು ಅಚ್ಚಿಗೆ ಅಷ್ಟು ಸಾಕು. ಮೊದಲು ಗುಳ್ಳೆಗಳು ಚಿಕ್ಕದಾಗಿ, ಚುರುಕಾಗಿ ಏಳುತ್ತವೆ. ನೀರು ಇಂಗುತ್ತಾ ಬಂದ ಹಾಗೆ ಅವು ದೊಡ್ಡದಾಗಿ, ನಿಧಾನವಾಗಿ ಒಡೆಯತೊಡಗುತ್ತವೆ. ಆಗ ತಣ್ಣೀರಿಗೆ ಒಂದು ಹನಿ ಬಿಟ್ಟು ನೋಡಿ. ಬೆರಳಲ್ಲಿ ಹಿಡಿದರೆ ಮೆತ್ತಗಿನ ಉಂಡೆಯಾಗಬೇಕು. ಒಲೆ ಆರಿಸಿ, ಮರದ ಸೌಟಿನಿಂದ ಪಾತ್ರೆಯ ಒಂದು ಬದಿಗೆ ಉಜ್ಜುತ್ತಾ ಬಿಡದೆ ತಿರುವಿ. ಸ್ವಲ್ಪ ಹೊತ್ತಿಗೆ ಸೌಟಿನ ಸುತ್ತ ಮಬ್ಬು ಕಾಣಿಸುತ್ತದೆ, ನೋಡನೋಡುತ್ತಿದ್ದ ಹಾಗೆ ಇಡೀ ಪಾಕ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಅದೇ ಗಳಿಗೆ. ತಕ್ಷಣ ಹೊಯ್ಯಬೇಕು.

ಇಲ್ಲಿ ಆಗುತ್ತಿರುವುದು ಇಷ್ಟೇ. ಬಿಸಿ ಪಾಕದಲ್ಲಿ ಹಿಡಿಸಬಹುದಾದದ್ದಕ್ಕಿಂತ ಜಾಸ್ತಿ ಸಕ್ಕರೆ ಸೇರಿಕೊಂಡಿರುತ್ತದೆ. ಉಜ್ಜಿ ತಿರುವಿದಾಗ ಅದು ಲಕ್ಷಾಂತರ ಸಣ್ಣ ಹರಳುಗಳಾಗಿ ಬೇರ್ಪಡುತ್ತದೆ. ಹರಳು ಸಣ್ಣದಾದಷ್ಟೂ ಅಚ್ಚು ಬೆಳ್ಳಗೆ, ಗೆರೆ ಸ್ಪಷ್ಟ. ತಡ ಮಾಡಿದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಹೆದರಬೇಡಿ, ಎರಡು ಚಮಚ ನೀರು ಹಾಕಿ ಮತ್ತೆ ಬಿಸಿ ಮಾಡಿದರೆ ಕರಗುತ್ತದೆ. ಒಂದು ಸಲ ಮಾತ್ರ ಹೀಗೆ ಮಾಡಿ. ಪದೇ ಪದೇ ಕಾಯಿಸಿದ ಪಾಕವನ್ನು ಬೇರೆ ತೆಗೆದಿಟ್ಟು ಪಾಯಸಕ್ಕೆ ಹಾಕಿಬಿಡಿ.

ಅಚ್ಚಿನ ಎರಡು ಹೋಳನ್ನು ರಬ್ಬರ್ ಬ್ಯಾಂಡ್ ಹಾಕಿ ಬಿಗಿಯಾಗಿ ಜೋಡಿಸಿ, ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ನಿಲ್ಲಿಸಿರಬೇಕು. ಸಣ್ಣ ಅಚ್ಚು ಐದು ಹತ್ತು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಆನೆ, ಗಿಳಿ, ಬಾಳೆಗೊನೆ ಸುಲಭವಾಗಿ ಬಿಡುತ್ತವೆ. ಗೋಪುರ, ಮಂಟಪದ ತುದಿ ಮುರಿಯುವುದು ಜಾಸ್ತಿ. ಅವಸರ ಮಾಡದೆ, ಒಂದು ಹೋಳನ್ನು ನೇರ ಮೇಲಕ್ಕೆತ್ತಿ. ಓರೆಯಾಗಿ ಎಳೆಯಬೇಡಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಈ ಪಾಕ ಕುದಿಯುವ ನೀರಿಗಿಂತ ಬಿಸಿ, 110 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಮೈಮೇಲೆ ಬಿದ್ದರೆ ಜಾರುವುದಿಲ್ಲ, ಅಂಟಿಕೊಂಡು ಸುಡುತ್ತದೆ. ಕುದಿಸುವುದು, ಹೊಯ್ಯುವುದು ದೊಡ್ಡವರದೇ ಕೆಲಸ. ಮಕ್ಕಳು ಒಲೆಯ ಹತ್ತಿರ ಬೇಡವೇ ಬೇಡ. ಹಾಗಂತ ಅವರನ್ನು ಸುಮ್ನೆ ನೋಡಲು ಕೂರಿಸಬೇಡಿ. ಅಚ್ಚು ನೆನೆಹಾಕುವುದು, ಒರೆಸುವುದು, ಹೋಳಿಗೆ ಹೋಳು ಹುಡುಕಿ ಜೋಡಿಸುವುದು ಮಗನ ಕೆಲಸ. ಐದು ವರ್ಷದ ಮಗುವಿಗೆ ಆ ಜೋಡಿ ಹುಡುಕುವುದೇ ದೊಡ್ಡ ಆಟ. ತಣ್ಣಗಾದ ಅಚ್ಚು ಬಿಡಿಸುವುದು, ಅಂಚಿನಲ್ಲಿ ಉಳಿದ ಸಕ್ಕರೆಯನ್ನು ಹೆರೆದು ನಯ ಮಾಡುವುದು ಮಗಳದು. ಮುರಿದದ್ದು ಮಾಡಿದವರ ಬಾಯಿಗೆ. ಈ ನಿಯಮ ಇದ್ದರೆ ಅಡುಗೆಮನೆ ಬಿಟ್ಟು ಯಾರೂ ಕದಲುವುದಿಲ್ಲ.

ನಿಮ್ಮ ಮಕ್ಕಳಿಗೆ ಆಸಕ್ತಿ ಇಲ್ಲ ಅಂತ ನನಗನ್ನಿಸುವುದಿಲ್ಲ. ಅವರಿಗೆ ಕೆಲಸ ಸಿಕ್ಕಿಲ್ಲ, ಅಷ್ಟೇ. ಮೊದಲೆಲ್ಲ ಹಬ್ಬದ ತಯಾರಿ ಹದಿನೈದು ದಿನ ಮುಂಚೆಯೇ ಶುರುವಾಗುತ್ತಿತ್ತು. ದಿನಾ ಸಂಜೆ ಸ್ವಲ್ಪ ಸ್ವಲ್ಪ. ಅದರಲ್ಲಿ ಮಕ್ಕಳ ಪಾಲಿನ ಕೆಲಸ ಇದ್ದೇ ಇರುತ್ತಿತ್ತು, ಅವರು ಮಾಡದಿದ್ದರೆ ಅದು ಆಗುತ್ತಲೇ ಇರಲಿಲ್ಲ. ಈಗ ಎಲ್ಲವನ್ನೂ ಹಬ್ಬದ ಹಿಂದಿನ ದಿನ ತರುತ್ತೇವೆ. ಮಕ್ಕಳು ಮಾಡಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಒಂದೊಂದು ಹಬ್ಬಕ್ಕೆ ಒಂದೇ ಕೈಕೆಲಸ ಆರಿಸಿ, ಆದರೆ ಬೇಗ ಶುರು ಮಾಡಿ. ಪ್ರತಿ ವರ್ಷ ಅದನ್ನೇ ಮಾಡಿ. ವರ್ಷಕ್ಕೊಂದು ಹೊಸದು ಹುಡುಕುತ್ತಾ ಹೋದರೆ ಯಾವುದೂ ನಿಮ್ಮ ಮನೆಯ ಪದ್ಧತಿ ಆಗುವುದಿಲ್ಲ.

ದಸರೆಗೆ ನೀವು ಗೊಂಬೆ ಮಾಡಲು ಹೋಗಬೇಡಿ. ರಕ್ತಚಂದನದ ಪಟ್ಟದ ಗೊಂಬೆ, ಆಲೆಮರವನ್ನು ಕಡೆದು ಅರಗಿನ ಬಣ್ಣ ಕೂರಿಸಿದ ಚನ್ನಪಟ್ಟಣದ ಗೊಂಬೆ, ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆ, ಇವೆಲ್ಲ ಪಳಗಿದ ಕೈಗಳ ಕೆಲಸ. ಅವನ್ನು ಕೊಂಡೇ ತರಬೇಕು, ವರ್ಷಕ್ಕೆ ಒಂದಾದರೂ ಸರಿ. ನೀವು ಕೊಂಡರೆ ತಾನೇ ಆ ಕಸುಬು ಉಳಿಯುವುದು? ಮನೆಯವರು ಮಾಡಬೇಕಾದ್ದು ಎರಡು. ಪಟ್ಟದ ಗೊಂಬೆಗೆ ಪ್ರತಿ ವರ್ಷ ಹೊಸ ಬಟ್ಟೆ ಉಡಿಸುವುದು. ಹಳೇ ರೇಷ್ಮೆ ಸೀರೆಯ ಅಂಚು, ಬ್ಲೌಸಿನ ಉಳಿಕೆ ತುಂಡು, ನಾಲ್ಕು ಮಣಿ ಇದ್ದರೆ ಮಗಳು ಅಜ್ಜಿಯ ಜೊತೆ ಕೂತು ಒಂದು ಮಧ್ಯಾಹ್ನದಲ್ಲಿ ರಾಣಿಗೆ ನೆರಿಗೆ ಹಿಡಿಯುವುದನ್ನು ಕಲಿಯುತ್ತಾಳೆ.

ಇನ್ನೊಂದು ರಾಗಿ ಪಾರ್ಕು. ಗೊಂಬೆಯ ಮೆಟ್ಟಿಲುಗಳ ಮುಂದೆ ಹುಲ್ಲುಹಾಸಿನ ಹಾಗೆ ಕಾಣುವುದು ನಿಜವಾದ ಪೈರು. ನವರಾತ್ರಿಯ ಪಾಡ್ಯಕ್ಕೆ ನಾಲ್ಕೈದು ದಿನ ಇರುವಾಗ ಒಂದು ಹಿಡಿ ರಾಗಿಯನ್ನು ರಾತ್ರಿ ನೆನೆಹಾಕಿ. ಅಗಲ ತಟ್ಟೆಯಲ್ಲಿ ಎರಡು ಬೆರಳು ದಪ್ಪ ಮಣ್ಣು ಹರಡಿ, ಒತ್ತೊತ್ತಾಗಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ. ನೀರನ್ನು ಹೊಯ್ಯಬಾರದು, ಚಿಮುಕಿಸಬೇಕು. ಇಲ್ಲದಿದ್ದರೆ ಕಾಳೆಲ್ಲ ಒಂದು ಮೂಲೆಗೆ ಹೋಗುತ್ತದೆ. ಮೊಳಕೆ ಕಾಣುವವರೆಗೆ ನೆರಳು, ಆಮೇಲೆ ಕಿಟಕಿಯ ಬೆಳಕು. ಕತ್ತಲಲ್ಲೇ ಇಟ್ಟರೆ ಪೈರು ಹಳದಿಯಾಗಿ ಬಾಗುತ್ತದೆ. ದಿನಾ ಬೆಳಿಗ್ಗೆ ನೀರು ಚಿಮುಕಿಸುವುದು ಮಗನ ಜವಾಬ್ದಾರಿ. ನೀವು ಮಾಡಬೇಡಿ, ಅವನು ಮರೆತರೆ ನೆನಪಿಸಿ ಅಷ್ಟೇ. ಪೈರಿನ ನಡುವೆ ಜೇಡಿಮಣ್ಣಿನಲ್ಲಿ ಅವನು ಮಾಡಿದ ಸೊಟ್ಟ ಹಸು, ಸಂತೆಯ ತರಕಾರಿ ಇಡಲಿ. ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿ, ಕೆಳಗೆ ಅವನ ಊರು. ಸಂಜೆ ಆರತಿಗೆ ಬಂದವರಿಗೆ ಅವನೇ ತೋರಿಸುತ್ತಾನೆ, ನೋಡಿ.

ದೀಪಾವಳಿಗೆ ಗೂಡುದೀಪ, ಅಂದರೆ ಬಿದಿರು ಕಡ್ಡಿಯ ಗೂಡಿಗೆ ಬಣ್ಣದ ಕಾಗದ ಅಂಟಿಸಿ ತೂಗುಹಾಕುವ ದೀಪ. ಇದು ಕರಾವಳಿಯವರ ಹೆಮ್ಮೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ಗೂಡುದೀಪದ ಸ್ಪರ್ಧೆಯೇ ನಡೆಯುತ್ತದೆ. ನಿಮ್ಮದು ಕರಾವಳಿಯ ಮನೆಯಲ್ಲ, ಆದರೂ ಇದನ್ನೇ ಹೇಳುತ್ತೇನೆ. 11 ವರ್ಷದ ಹುಡುಗಿಗೆ ಇದಕ್ಕಿಂತ ಒಳ್ಳೆ ಕೈಕೆಲಸ ನನಗೆ ಗೊತ್ತಿಲ್ಲ.

ಒಂದೇ ಅಳತೆಯ 24 ಬಿದಿರು ಕಡ್ಡಿ ಬೇಕು. 20 ಸೆಂ.ಮೀ. ಉದ್ದ ಇರಲಿ. ನಾಲ್ಕು ನಾಲ್ಕು ಕಟ್ಟಿ ಆರು ಚೌಕ ಮಾಡಿ. ಈ ಚೌಕಗಳು ಸುಮ್ನೆ ಮುಟ್ಟಿದರೂ ವಾಲುತ್ತವೆ, ಆದ್ದರಿಂದ ಪ್ರತಿ ಚೌಕಕ್ಕೂ ಮೂಲೆಯಿಂದ ಮೂಲೆಗೆ ಎರಡೂ ಕಡೆ ದಾರ ಎಳೆದು ಬಿಗಿಯಿರಿ. ಈ ಒಂದು ಹೆಜ್ಜೆ ಬಿಟ್ಟರೆ ಗೂಡು ಸೊಟ್ಟ ಬರುತ್ತದೆ. ಈಗ ನಾಲ್ಕು ಚೌಕಗಳನ್ನು ಮೂಲೆ ಮೇಲೆ ನಿಲ್ಲಿಸಿ, ಪಕ್ಕದ ಮೂಲೆಗೆ ಪಕ್ಕದ ಮೂಲೆ ಕಟ್ಟಿ ಸುತ್ತು ಮಾಡಿ. ಮೇಲೆ ನಾಲ್ಕು ತುದಿ ಉಳಿಯುತ್ತವೆ. ಐದನೆಯ ಚೌಕವನ್ನು ಅದರ ಮೇಲೆ ಮಲಗಿಸಿ, ಮೂಲೆಗೊಂದು ತುದಿ ಕಟ್ಟಿ. ಕೆಳಗೂ ಹಾಗೇ ಆರನೆಯದು. ಚೌಕಗಳ ನಡುವೆ ತಾವಾಗಿಯೇ ಎಂಟು ತ್ರಿಕೋನಗಳು ಮೂಡಿರುತ್ತವೆ. ಎತ್ತರ ಸುಮಾರು 28 ಸೆಂ.ಮೀ. ಬರುತ್ತದೆ. ಯಾಕೆ 28 ಅಂತ ಮಗಳಿಗೆ ಕೇಳಿ. ಮೂಲೆಯ ಮೇಲೆ ನಿಂತ ಚೌಕದ ಕರ್ಣ ಅಳೆದರೆ ಅವಳಿಗೇ ಗೊತ್ತಾಗುತ್ತದೆ.

ಅಂಟಿಗೆ ಮೈದಾ ಸಾಕು. ನೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ಪಾರದರ್ಶಕ ಆಗುವವರೆಗೆ ಕೈಯಾಡಿಸಿ. ಹುಳ ಹಿಡಿಯದಿರಲಿ ಅಂತ ಹಿಂದೆ ಅಂಟಿಗೆ ಮೈಲುತುತ್ತ ಸೇರಿಸುತ್ತಿದ್ದರು. ಅದು ವಿಷ, ಮಕ್ಕಳ ಕೈಗೆ ಬೇಡ. ಗಾಳಿಪಟದ ಕಾಗದವನ್ನು ಕಡ್ಡಿಗಿಂತ ಒಂದು ಬೆರಳು ದೊಡ್ಡದಾಗಿ ಕತ್ತರಿಸಿ, ಅಂಚು ಮಡಚಿ ಅಂಟಿಸಿ. ಚೌಕಕ್ಕೊಂದು ಬಣ್ಣ, ತ್ರಿಕೋನಕ್ಕೊಂದು. ಒಣಗಿದ ಮೇಲೆ ಸುಕ್ಕು ಕಂಡರೆ ತೆಳುವಾಗಿ ನೀರಿನ ತುಂತುರು ಹೊಡೆದು ಮತ್ತೆ ಒಣಗಿಸಿ, ಕಾಗದ ಬಿಗಿಯುತ್ತದೆ. ಅಗ್ಗದ ಕಾಗದ ಬಣ್ಣ ಬಿಡುತ್ತದೆ, ಮೊದಲು ಒಂದು ತುಂಡಿನ ಮೇಲೆ ಪರೀಕ್ಷಿಸಿ. ಮೇಲಿನ ಚೌಕ ತೆರೆದೇ ಇರಲಿ, ಕೆಳಗೆ ಕಾಗದದ ಬಾಲ ಕಟ್ಟಿ. ಒಳಗೆ ಸಣ್ಣ ಎಲ್‌ಇಡಿ ಬಲ್ಬು. ಎಣ್ಣೆ ದೀಪದ ಆಸೆ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಬೇಡ. ಬೆಂಗಳೂರಿನಲ್ಲಿ ದೀಪಾವಳಿ ಹೊತ್ತಿಗೆ ಮಳೆ ಬರುವುದೂ ಉಂಟು, ಸೂರಿನೊಳಗೇ ತೂಗುಹಾಕಿ.

ದೀಪಾವಳಿಗೆ ಹುಬ್ಬಳ್ಳಿಗೆ ಹೋಗುವುದಾದರೆ ಗೂಡುದೀಪ ಮುಂದಿನ ವರ್ಷಕ್ಕಿರಲಿ. ಬಲಿಪಾಡ್ಯಮಿಯ ದಿನ ಆ ಕಡೆಯವರು ಪೂಜಿಸುವ ಹಟ್ಟೆವ್ವ ಎಂಬ ದೇವತೆಯನ್ನು, ಪಾಂಡವರನ್ನು ಸಗಣಿಯಲ್ಲಿ ಮಾಡಿ ಉತ್ತರಾಣಿ ಕಡ್ಡಿ, ಚೆಂಡುಹೂ ಸಿಗಿಸುವ ಕೆಲಸಕ್ಕೆ ಮಕ್ಕಳನ್ನು ಅಜ್ಜಿಯ ಜೊತೆ ಕೂರಿಸಿ. ಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ, ಪರವಾಗಿಲ್ಲ. ಇದನ್ನು ಬೆಂಗಳೂರಿನಲ್ಲಿ ಕುಳಿತು ನೀವು ಕಲಿಸಲಾರಿರಿ.

ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಕಷ್ಟ ಏನೂ ಇಲ್ಲ, ಬೇಕಾದ್ದು ಸಮಯ. ಕ್ರಿಸ್‌ಮಸ್ ರಜೆಯಲ್ಲೇ ಶುರು ಮಾಡಿ, ಮಕ್ಕಳೂ ಮನೆಯಲ್ಲಿರುತ್ತಾರೆ. ನಾನು ಬಳಸುವ ಅಳತೆ: ಕೊಬ್ಬರಿ, ಬೆಲ್ಲ ಎರಡೆರಡು ಪಾಲು, ಕಡಲೆಕಾಯಿ ಬೀಜ, ಹುರಿಗಡಲೆ ಒಂದೊಂದು, ಬಿಳಿ ಎಳ್ಳು ಅರ್ಧ. ಕೊಬ್ಬರಿಯ ಕಂದು ಸಿಪ್ಪೆಯನ್ನು ಪೂರ್ತಿ ಹೆರೆದು, ಸಣ್ಣಗೆ ಹೆಚ್ಚಿ, ಎರಡು ದಿನ ಬಿಸಿಲಿಗೆ ಹಾಕಿ. ಅಚ್ಚುಬೆಲ್ಲವನ್ನು ಬೇರೆಯಾಗಿ ಹೆಚ್ಚಿ, ಬೇರೆಯಾಗಿಯೇ ಒಣಗಿಸಿ. ಹಸಿ ಬೆಲ್ಲವನ್ನು ಬೆರೆಸಿದರೆ ಇಡೀ ಡಬ್ಬಿ ಮುದ್ದೆಯಾಗುತ್ತದೆ, ಅದಕ್ಕೇ ಬೆಲ್ಲ ಕೊನೆಗೆ. ಬೀಜ ಹುರಿದು ತಣಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ. ಮೊರದಲ್ಲಿ ಕೇರಿ ಸಿಪ್ಪೆ ಹಾರಿಸುವುದನ್ನು ಬಾಲ್ಕನಿಯಲ್ಲಿ ಮಾಡಿಸಿ, ಆಮೇಲೆ ಗುಡಿಸುವುದೂ ಅವರೇ.

ಕುಸುರೆಳ್ಳಿನ ವಿಷಯ ನೀವು ಕೇಳಿಲ್ಲ, ಆದರೆ ಹುಬ್ಬಳ್ಳಿ ಮನೆಯಲ್ಲಿ ಅದೇ ಮುಖ್ಯ. ಎಳ್ಳನ್ನು ತಟ್ಟೆಯಲ್ಲಿ ಸಣ್ಣ ಉರಿಯ ಮೇಲಿಟ್ಟು, ತೆಳು ಪಾಕವನ್ನು ಚಮಚ ಚಮಚವಾಗಿ ಹನಿಸುತ್ತಾ, ಒಣಗಿದಂತೆ ಕೈಯಿಂದ ಆಡಿಸುತ್ತಾ ಹೋದರೆ ಒಂದೊಂದು ಕಾಳಿನ ಮೇಲೂ ಬಿಳಿ ಮುಳ್ಳು ಏಳುತ್ತವೆ. ಚಳಿ ಇದ್ದಷ್ಟೂ ಚೆನ್ನಾಗಿ ಏಳುತ್ತವೆ. ದಿನಗಟ್ಟಲೆ ಹಿಡಿಯುವ ಕೆಲಸ. ಹಂಚಲು ಕೊಂಡೇ ತನ್ನಿ. ಆದರೆ ನಿಮ್ಮ ತಾಯಿಗೆ ಇದು ಬರುತ್ತಿದ್ದರೆ ಈ ಚಳಿಗಾಲದಲ್ಲೇ ಅವರನ್ನು ಕರೆಸಿಕೊಂಡು, ಒಂದು ಹಿಡಿ ಎಳ್ಳಿಗಾದರೂ ಮಾಡಿಸಿ, ಪಕ್ಕದಲ್ಲಿ ಕೂತು ಕಲಿಯಿರಿ. ಓದಿ ಕಲಿಯುವ ವಿದ್ಯೆಯಲ್ಲ ಇದು. ಪಾಕ ಯಾವಾಗ ಹನಿಸಬೇಕು ಅಂತ ತಟ್ಟೆ ಮೇಲಿಟ್ಟ ಕೈಗೆ ಗೊತ್ತಾಗಬೇಕು.

ಕೊನೆಗೆ ನೀವು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿರುವ ಪ್ರಶ್ನೆ ಒಂದಿದೆ. ಮನೆ ಮನೆಗೆ ಎಳ್ಳು ಬೀರಲು ಅಷ್ಟೊಂದು ಅಚ್ಚು ಎಲ್ಲಿಂದ ತರುವುದು? ಎಲ್ಲವನ್ನೂ ಮನೆಯಲ್ಲೇ ಹಾಕಬೇಕು ಅಂತ ಹಟ ಬೇಡ. ಪೊಟ್ಟಣಗಳಿಗೆ ಗಾಂಧಿ ಬಜಾರಿನಿಂದ ತನ್ನಿ, ಹತ್ತಿರದ ಐದಾರು ಮನೆಗೆ ಮಾತ್ರ ನಿಮ್ಮ ಅಚ್ಚು. ಯಾವ ಮನೆಗೆ ಆನೆ, ಯಾವ ಮನೆಗೆ ಗಿಳಿ ಅನ್ನುವುದನ್ನು ಮಕ್ಕಳೇ ತೀರ್ಮಾನಿಸಲಿ, ಅವರೇ ಹೋಗಿ ಕೊಟ್ಟು ಬರಲಿ. ಕೆಲಸ ಮುಗಿದ ಮೇಲೆ ಅಚ್ಚುಗಳನ್ನು ಸೋಪು ಹಾಕದೆ ಬಿಸಿನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ. ಜೋಡಿ ಜೋಡಿಯಾಗಿ ದಾರದಲ್ಲಿ ಕಟ್ಟಿ ಬಟ್ಟೆ ಚೀಲದಲ್ಲಿಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ.